ವೈಕಿಂಗ್ ಕಾಲದ ಬೆಲ್ಟ್‌ಗೆ ಲೋಹದ ಬಿಲ್ಲೆ ಕೂರಿಸುವುದು ಹೇಗೆ?

ಯುರೋಪಿನಲ್ಲಿ ಬೇಸಿಗೆ ಬಂತೆಂದರೆ ವೈಕಿಂಗ್ ಸಂತೆಗಳ ಕಾಲ. ವೈಕಿಂಗರು ಅಂದರೆ ಹಳೆಯ ಸ್ಕ್ಯಾಂಡಿನೇವಿಯಾದ ಕಡಲಯೋಧರು, ವ್ಯಾಪಾರಿಗಳು. ಡೆನ್ಮಾರ್ಕಿನ ಮೋಸ್ಗಾರ್ಡ್, ಪೋಲೆಂಡಿನ ವೋಲಿನ್ ಇಂಥ ಕಡೆ ಜನ ಸಾವಿರ ವರ್ಷ ಹಿಂದಿನ ಬಟ್ಟೆ ತೊಟ್ಟು ಗುಡಾರ ಹಾಕುತ್ತಾರೆ. ಆ ಕಾಲದ ಅಡುಗೆ, ಕಮ್ಮಾರಿಕೆ, ಕಾದಾಟ ಎಲ್ಲವನ್ನೂ ಮಾಡಿ ತೋರಿಸುತ್ತಾರೆ. ರೀಎನಾಕ್ಟ್‌ಮೆಂಟ್ ಎನ್ನುವ ಈ ಹವ್ಯಾಸದ ಗೀಳು ಅಲ್ಲಿ ನೆಲೆಸಿರುವ ನಮ್ಮವರಿಗೂ ಹತ್ತಿದರೆ ಆಶ್ಚರ್ಯವಿಲ್ಲ.

ಅಂಗಿ ಹೊಲಿಸಿಕೊಳ್ಳಬಹುದು, ಚಪ್ಪಟೆ ಅಟ್ಟೆಯ ಶೂ ಕೊಳ್ಳಬಹುದು. ಹೆಚ್ಚಿನವರು ಎಡವುವುದು ಬೆಲ್ಟ್‌ನಲ್ಲಿ. ಆನ್‌ಲೈನ್ ಅಂಗಡಿಗಳಲ್ಲಿ ಒಂದಕ್ಕಿಂತ ಒಂದು ಚೆಂದದ ಬಕಲ್, ಬಿಲ್ಲೆ, ತುದಿಪಟ್ಟಿ ಸಿಗುತ್ತವೆ. ತುದಿಪಟ್ಟಿ ಅಂದರೆ ಬೆಲ್ಟ್‌ನ ಇಳಿಬಿಡುವ ತುದಿಗೆ ಹಾಕುವ ಲೋಹ, ಅಂಗಡಿಯವರು ಸ್ಟ್ರಾಪ್ ಎಂಡ್ ಎನ್ನುತ್ತಾರೆ. ಕಂಡದ್ದನ್ನೆಲ್ಲ ಕೊಂಡು ಒಂದೇ ಪಟ್ಟಿಗೆ ಜಡಿದರೆ 3 ಶತಮಾನ, 4 ದೇಶ ಒಟ್ಟಿಗೆ ಸೊಂಟದಲ್ಲಿ ಕೂರುತ್ತವೆ. ದುಡ್ಡೂ ಹೋಯಿತು, ವೇಷವೂ ಕೆಟ್ಟಿತು. ಒಂದು ಜಾಗ, ಒಂದು ಕಾಲ ಹಿಡಿದು, ಕಡಿಮೆ ಬಿಲ್ಲೆ ಹಾಕಿ. ಅಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ.

ಯಾವ ಊರು, ಯಾವ ಕಾಲ?

‘ಮಧ್ಯಯುಗದ ಮೊದಲ ಭಾಗ’ ಅಂದರೆ ಸುಮಾರು 500ರಿಂದ 1100ರವರೆಗೆ. 600 ವರ್ಷ! ಅಷ್ಟರಲ್ಲಿ ಬೆಲ್ಟ್ ಎಷ್ಟೋ ಸಲ ರೂಪ ಬದಲಿಸಿತು. 7ನೇ ಶತಮಾನದಲ್ಲಿ ಈಗಿನ ಫ್ರಾನ್ಸ್ ಕಡೆಯ ಫ್ರಾಂಕರು ಅಗಲವಾದ ಕಬ್ಬಿಣದ ತಗಡುಗಳಲ್ಲಿ ಬೆಳ್ಳಿ, ಹಿತ್ತಾಳೆ ತಂತಿ ಕೂರಿಸಿ ಬಳ್ಳಿ ಬಿಡಿಸುತ್ತಿದ್ದರು. 8ನೇ ಶತಮಾನದಲ್ಲಿ ಹಂಗೆರಿ ಬಯಲಿನ ಅವಾರರು ರೆಕ್ಕೆ ಇರುವ ಸಿಂಹದಂಥ ಪ್ರಾಣಿಯನ್ನು ಕಂಚಿನಲ್ಲಿ ಎರಕ ಹೊಯ್ದು ಬೆಲ್ಟ್ ತುಂಬ ಹಾಕುತ್ತಿದ್ದರು. 9ನೇ ಶತಮಾನದ ಇಂಗ್ಲೆಂಡಿನಲ್ಲಿ ತುದಿಪಟ್ಟಿಯ ಕೊನೆಗೆ ಪುಟ್ಟ ಪ್ರಾಣಿಮುಖ ಇರುತ್ತಿತ್ತು. ಒಳ್ಳೆಯವನ್ನು ಬೆಳ್ಳಿಯಲ್ಲಿ ಮಾಡಿ, ಕೆತ್ತಿದ ಗೆರೆಗಳಿಗೆ ನಿಯೆಲೋ ಎಂಬ ಕಪ್ಪು ಪದಾರ್ಥ ತುಂಬುತ್ತಿದ್ದರು. ಕಾರ್ನ್‌ವಾಲ್‌ನ ಟ್ರೆವಿಡಲ್‌ನಲ್ಲಿ 1774ರಲ್ಲಿ ಸಿಕ್ಕ ನಿಧಿಯಿಂದ ಈ ಶೈಲಿಗೆ ಆ ಹೆಸರೇ ಬಂತು.

ಹೆಚ್ಚಿನವರಿಗೆ ಮೊದಲು ಕಣ್ಣಿಗೆ ಬೀಳುವುದು ಸಟನ್ ಹೂ ಬಕಲ್. 1939ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಸಟನ್ ಹೂನಲ್ಲಿ, ಸತ್ತವರನ್ನು ಹಡಗಿನೊಂದಿಗೆ ಹೂತ ಸಮಾಧಿಯಲ್ಲಿ ಸಿಕ್ಕಿದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 13 ಸೆಂ.ಮೀ. ಉದ್ದ, 412 ಗ್ರಾಂಗೂ ಹೆಚ್ಚು ಚಿನ್ನ. ಅದರ ಹಿತ್ತಾಳೆ ನಕಲು ಎಲ್ಲ ಕಡೆ ಮಾರಾಟಕ್ಕಿದೆ. ದಯವಿಟ್ಟು ಬೇಡ. ಅದು ಅರಸನ ಸಮಾಧಿಯ ವಸ್ತು ಎಂದೇ ಹೆಚ್ಚಿನವರು ನಂಬುತ್ತಾರೆ. ಅದನ್ನು ಕಟ್ಟಿಕೊಂಡು ಗಂಜಿ ಪಾತ್ರೆಯ ಮುಂದೆ ಕೂತರೆ ಚೆನ್ನಾಗಿರಲ್ಲ. ಅದೇ ಕಾಲದ ಚಿನ್ನದೊಡವೆಗಳಲ್ಲಿ ಗಾರ್ನೆಟ್ ಹರಳು ಕೂರಿಸುವ ಕೆಲಸವೂ ಬಲು ಚೆಂದ. ಇದರಲ್ಲಿ ನಮಗೂ ಒಂದು ನಂಟಿದೆ. 5–6ನೇ ಶತಮಾನದ ಫ್ರಾಂಕರ ಒಡವೆಗಳ ಹರಳುಗಳನ್ನು ಪರೀಕ್ಷೆ ಮಾಡಿದಾಗ ಹಲವು ಗಾರ್ನೆಟ್‌ಗಳು ಭಾರತ, ಶ್ರೀಲಂಕಾ ಕಡೆಯಿಂದ ಹೋದವು ಎಂದು ತಿಳಿಯಿತು. ಆದರೆ ಮನೆಯಲ್ಲಿ ಕೂತು ಮಾಡುವ ಕೆಲಸ ಅದಲ್ಲ.

ಈ ಲೇಖನಕ್ಕೆ ನಾನು ಆರಿಸಿಕೊಂಡಿರುವುದು ಸ್ವೀಡನ್ನಿನ ಬಿರ್ಕಾ, 10ನೇ ಶತಮಾನ. ಮೆಲಾರೆನ್ ಸರೋವರದ ಬ್ಯೋರ್ಕೋ ದ್ವೀಪದಲ್ಲಿದ್ದ ವ್ಯಾಪಾರದ ಪೇಟೆ ಅದು. 19ನೇ ಶತಮಾನದ ಕೊನೆಯಲ್ಲಿ ಸಂಶೋಧಕ ಯಾಲ್ಮರ್ ಸ್ಟೋಲ್ಪೆ ಅಲ್ಲಿ ಸುಮಾರು 1,100 ಸಮಾಧಿಗಳನ್ನು ಅಗೆದರು. ಅವುಗಳಲ್ಲಿ ಕೆಲವದರಲ್ಲಿ, ಮತ್ತೆ ಅಲ್ಲಿನ ಸೈನಿಕರ ನೆಲೆಯಲ್ಲಿ, ಪೂರ್ವದ ಮಾದರಿಯ ಬೆಲ್ಟ್ ಬಿಲ್ಲೆಗಳು ಸಿಕ್ಕಿವೆ. ಹೃದಯದಾಕಾರ, ಚೌಕ, ದುಂಡು. ಮೇಲೆ ಎಲೆ, ಬಳ್ಳಿ. ವೋಲ್ಗಾ ನದಿಯ ದಾರಿಯಲ್ಲಿ ಅರಬರ ಬೆಳ್ಳಿ ನಾಣ್ಯ ಬಂದಂತೆಯೇ ಈ ಫ್ಯಾಷನ್ ಕೂಡ ಬಂತು. ಕೀವ್‌ನ ಪೊದಿಲ್ ಬಡಾವಣೆಯಲ್ಲಿ ಇಂಥ ಬಿಲ್ಲೆ ಎರೆಯುವ ಕಲ್ಲಿನ ಅಚ್ಚುಗಳೇ ಸಿಕ್ಕಿವೆ. ಒಂದರ ಮೇಲೆ ಅರಬ್ಬಿ ಅಕ್ಷರಗಳೂ ಇವೆ.

ಬಿರ್ಕಾ ಆರಿಸಲು ಕಾರಣ ಸುಲಭ. ಬಿಲ್ಲೆಗಳು ಚಿಕ್ಕವು, ಪಟ್ಟಿ ಕಿರಿದು, ನಕಲುಗಳು ಸುಲಭವಾಗಿ ಸಿಗುತ್ತವೆ, ಉಪಕರಣ ಕಡಿಮೆ ಸಾಕು.

ಕೊಳ್ಳುವ ಮೊದಲು ನಿಮ್ಮ ಪಾತ್ರ ಯಾರು ಎಂದು ಕೇಳಿಕೊಳ್ಳಿ. ಯೋಧ, ದೂರ ಹೋಗಿ ಬಂದ ವ್ಯಾಪಾರಿ ಅಂದರೆ ಬಿಲ್ಲೆ ಹೊಂದುತ್ತದೆ. ರೈತ, ಮೀನುಗಾರ ಆದರೆ ಒಂದು ಸಾದಾ ಬಕಲ್ ಸಾಕು, ಅದೂ ಕಬ್ಬಿಣದ್ದಾದರೆ ಇನ್ನೂ ಸರಿ. ಹೆಂಗಸರ ವೇಷಕ್ಕೆ ಬಿಲ್ಲೆಯ ಬೆಲ್ಟ್ ಬೇಡ. ಆ ಕಾಲದ ಸ್ಕ್ಯಾಂಡಿನೇವಿಯಾದ ಹೆಂಗಸರ ಸಮಾಧಿಗಳಲ್ಲಿ ಎದ್ದು ಕಾಣುವುದು ಭುಜದ ಬಳಿಯ ಮೊಟ್ಟೆಯಾಕಾರದ ಜೋಡಿ ಬ್ರೋಚ್, ಅಂದರೆ ಬಟ್ಟೆಗೆ ಸಿಕ್ಕಿಸುವ ಪಿನ್ನಿನ ಒಡವೆ. ಬೆಲ್ಟ್ ಬಿಲ್ಲೆ ಸಿಕ್ಕರೂ ಕೆಲವು ಸಲ ತೂತು ಮಾಡಿ ಪದಕದಂತೆ ಸರಕ್ಕೆ ಪೋಣಿಸಿರುತ್ತಾರೆ. ಹಾಗೆ ಒಂದೇ ಒಂದು ಬಿಲ್ಲೆ ಕೊಂಡು ಸರದಲ್ಲಿ ಹಾಕಿಕೊಂಡರೆ ಎಷ್ಟು ಚೆಂದ, ಅಲ್ವಾ?

ಲೋಹ ಮೊದಲು, ಚರ್ಮ ಆಮೇಲೆ

ಇದನ್ನು ಯಾರೂ ಮೊದಲೇ ಹೇಳಲ್ಲ. ಚೆಂದದ ಚರ್ಮದ ಪಟ್ಟಿ ಕೊಂಡು ಅದಕ್ಕೆ ಹೊಂದುವ ಬಿಲ್ಲೆ ಹುಡುಕಲು ಹೊರಟರೆ ಸಿಗುವುದೇ ಇಲ್ಲ. ಬಕಲ್, ಬಿಲ್ಲೆ, ತುದಿಪಟ್ಟಿ ಮೂರೂ ಕೈಗೆ ಬಂದ ಮೇಲೆಯೇ ಚರ್ಮ ಕೊಯ್ಯಿರಿ. ತುದಿಪಟ್ಟಿ ಅಂದರೆ ಬೆಲ್ಟ್‌ನ ಇಳಿಬಿಡುವ ತುದಿಗೆ ಹಾಕುವ ಲೋಹ, ಅಂಗಡಿಯವರು ಸ್ಟ್ರಾಪ್ ಎಂಡ್ ಎನ್ನುತ್ತಾರೆ.

ಮೂರನ್ನೂ ಒಂದೇ ಸಮಾಧಿಯ ಅಥವಾ ಕಡೇಪಕ್ಷ ಒಂದೇ ಊರಿನ ಮಾದರಿಯಿಂದ ಕೊಳ್ಳಿ. ಒಳ್ಳೆಯ ಅಂಗಡಿಯವರು ಯಾವ ಊರು, ಯಾವ ಶತಮಾನ ಎಂದು ಬರೆದಿರುತ್ತಾರೆ. ‘ವೈಕಿಂಗ್ ಸ್ಟೈಲ್’ ಅಂತ ಅಷ್ಟೇ ಬರೆದಿದ್ದರೆ ಪುಟ ಮುಚ್ಚಿ.

ಅಳತೆಯ ವಿಷಯಕ್ಕೆ ಬನ್ನಿ. ಬಕಲ್‌ನ ಒಳಗಿನ ಅಗಲ 20 ಮಿ.ಮೀ. ಇದ್ದರೆ ಪಟ್ಟಿ 19 ಮಿ.ಮೀ. ಇರಲಿ. ಬಿಲ್ಲೆ ಪಟ್ಟಿಗಿಂತ ಸ್ವಲ್ಪ ಕಿರಿದಾಗಿರಬೇಕು, ಹೊರಗೆ ಚಾಚಿದರೆ ಅಂಗಿಯ ಉಣ್ಣೆ ಸಿಕ್ಕಿಕೊಳ್ಳುತ್ತದೆ. ಈಗಿನ ಜೀನ್ಸ್ ಬೆಲ್ಟ್‌ನ 4 ಸೆಂ.ಮೀ. ಅಗಲ ಈ ವೇಷಕ್ಕೆ ಬಹಳ ದೊಡ್ಡದಾಯಿತು. ಎಲ್ಲಕ್ಕಿಂತ ಮುಖ್ಯ, ತುದಿಪಟ್ಟಿ ಬಕಲ್ ಒಳಗೆ ತೂರುತ್ತದಾ ನೋಡಿ. ಅಗಲ ಮಾತ್ರವಲ್ಲ, ದಪ್ಪವನ್ನೂ ನೋಡಿ. ಎಲ್ಲ ಜಡಿದ ಮೇಲೆ ಬೆಲ್ಟ್ ಹಾಕಿಕೊಳ್ಳಲೇ ಆಗದಿದ್ದರೆ ಮತ್ತೆ ಬಿಚ್ಚಬೇಕು.

ಇನ್ನು ಲೋಹ. ಹಳೆಯವು ಹೆಚ್ಚಾಗಿ ತಾಮ್ರದ ಮಿಶ್ರಲೋಹ. ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಹಳೇ ಲೋಹ ಕರಗಿಸಿ ಮತ್ತೆ ಬಳಸುತ್ತಿದ್ದರಿಂದ ಎರಡೂ ಬೆರೆತದ್ದೂ ಉಂಟು. ನಿಮ್ಮ ಕೊಳ್ಳುವಿಕೆಯಲ್ಲಿ ಕಂಚು, ಹಿತ್ತಾಳೆ ಎರಡೂ ನಡೆಯುತ್ತದೆ. ತಪ್ಪಿಸಬೇಕಾದ್ದು ಮೇಲೆ ಬಣ್ಣ ಕೊಟ್ಟ ಸತುವಿನ ಅಗ್ಗದ ಎರಕ. ಚರ್ಮಕ್ಕೆ ತೂರಿಸಲು ಅದರ ಹಿಂಭಾಗದಲ್ಲಿರುವ ಮೊಳೆಗೆ ಸುತ್ತಿಗೆ ತಾಗಿದರೆ ಪಟಕ್ ಅಂತ ಮುರಿಯುತ್ತದೆ. ಗುರುತಿಸುವುದು ಸುಲಭ. ಹಿಂಬದಿಯ ಮೂಲೆಯಲ್ಲಿ ಅರದಿಂದ ಚೂರು ಉಜ್ಜಿ. ಒಳಗೆ ಹಳದಿ ಅಥವಾ ಕೆಂಪು ಕಂಡರೆ ಒಳ್ಳೆಯದು, ಬೂದಿ ಬಣ್ಣ ಕಂಡರೆ ಸತು ಅಥವಾ ತವರ.

ಭಾರತದಲ್ಲೇ ಮಾಡಿಸುವುದಾದರೆ? ನಾಗಮಂಗಲದ ಕಂಚಿನ ಎರಕ ಹೆಸರಾದದ್ದು, ಆದರೆ ಅವರ ಕೈ ವಿಗ್ರಹಕ್ಕೆ ಪಳಗಿದೆ. 2 ಸೆಂ.ಮೀ.ಗಿಂತ ಚಿಕ್ಕ ಬಿಲ್ಲೆಗೆ ಉಂಗುರ, ಓಲೆ ಎರಕ ಮಾಡುವ ಒಡವೆ ಕಾರ್ಖಾನೆಯೇ ವಾಸಿ. ಮೇಣದ ಮಾದರಿಯಲ್ಲೇ ಹಿಂದೆ 2 ಮೊಳೆ ಸೇರಿಸಲು ಹೇಳಿ, 1.5 ಮಿ.ಮೀ. ದಪ್ಪ, 6 ಮಿ.ಮೀ. ಉದ್ದ. ಆಮೇಲೆ ಬೆಸುಗೆ ಹಾಕಿದ ಮೊಳೆ ಅಷ್ಟು ಗಟ್ಟಿ ಬರಲ್ಲ. ಮಾದರಿಯನ್ನು ಮ್ಯೂಸಿಯಂ ಚಿತ್ರ ನೋಡಿ ಹೊಸದಾಗಿ ಕೆತ್ತಿಸಿ. ಇನ್ನೊಬ್ಬ ಕುಶಲಕರ್ಮಿ ಮಾರುವ ಬಿಲ್ಲೆಯನ್ನೇ ಅಚ್ಚಿಗೆ ಒತ್ತಿ ನಕಲು ತೆಗೆಯುವುದು ಸರಿಯಲ್ಲ, ಮೇಲಾಗಿ ಪ್ರತಿ ನಕಲೂ ಒಂದು ಚೂರು ಕುಗ್ಗಿ ಅಂಚು ಮೊಂಡಾಗುತ್ತದೆ.

ನಿಜವಾದ ಹಳೇ ಬಿಲ್ಲೆಗಳೂ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬರುತ್ತವೆ, ಕೆಲವು ಸಲ ಹೊಸದಕ್ಕಿಂತ ಅಗ್ಗವಾಗಿ. ಕೊಳ್ಳಬೇಡಿ. ಎಷ್ಟೋ ಬಿಲ್ಲೆಗಳು ಕದ್ದು ಅಗೆದ ಸಮಾಧಿಗಳಿಂದ ಬಂದವು.

ಚರ್ಮ

ಗಿಡದ ತೊಗಟೆಯಿಂದ ಹದ ಮಾಡಿದ ಚರ್ಮವೇ ಬೇಕು. ಕ್ರೋಮ್ ಹಾಕಿ ಹದ ಮಾಡುವುದು 19ನೇ ಶತಮಾನದ ವಿದ್ಯೆ. ಕೊಯ್ದ ಅಂಚು ನೋಡಿದರೆ ಗೊತ್ತಾಗುತ್ತದೆ: ಕ್ರೋಮ್ ಚರ್ಮದ ಒಳಗೆ ಹೆಚ್ಚಾಗಿ ನೀಲಿ-ಬೂದಿ ಛಾಯೆ, ತೊಗಟೆಯದರಲ್ಲಿ ಕಂದು. ಊರಿಗೆ ಬಂದಾಗ ಕೊಳ್ಳುವುದಾದರೆ ಅಥಣಿ, ನಿಪ್ಪಾಣಿ ಕಡೆ ವಿಚಾರಿಸಿ. ಅಲ್ಲಿನ ಚಪ್ಪಲಿಗೆ ಇದೇ ಬಗೆಯ ಚರ್ಮ ಬಳಸುತ್ತಾರೆ. ಅಟ್ಟೆಗೆ ಹಾಕುವುದು ತೀರಾ ದಪ್ಪ, 2.5ರಿಂದ 3 ಮಿ.ಮೀ. ದಪ್ಪದ್ದು ಕೇಳಿ.

ಹಳೆಯ ಬೆಲ್ಟ್‌ನ ದಪ್ಪ ಹೇಗೆ ಗೊತ್ತಾಯಿತು ಅಂತ ನಿಮಗೆ ಅನ್ನಿಸಬಹುದು. ಮಣ್ಣಲ್ಲಿ ಚರ್ಮ ಕೊಳೆತು ಹೋಗುತ್ತದೆ. ಆದರೆ ತಾಮ್ರದ ಲವಣ ಸೂಕ್ಷ್ಮಜೀವಿಗಳನ್ನು ಕೊಲ್ಲುವುದರಿಂದ ಬಿಲ್ಲೆಯ ಹಿಂದೆ ಅಂಟಿದ ಚೂರು ಎಷ್ಟೋ ಸಲ ಉಳಿಯುತ್ತದೆ. ಚರ್ಮ ಹೋಗಿದ್ದರೂ ಬಿಲ್ಲೆಗೂ ಅದರ ಹಿಂದಿನ ಪುಟ್ಟ ವಾಷರ್‌ಗೂ ನಡುವೆ ಉಳಿದ ಜಾಗವೇ ಪಟ್ಟಿಯ ದಪ್ಪ ಹೇಳುತ್ತದೆ.

ಉದ್ದ ಹೀಗೆ ಲೆಕ್ಕ ಹಾಕಿ. ಒಳಂಗಿ, ಉಣ್ಣೆಯ ಮೇಲಂಗಿ ಎಲ್ಲ ತೊಟ್ಟು ಸೊಂಟ ಅಳೆಯಿರಿ. 90 ಸೆಂ.ಮೀ. ಬಂತು ಅಂದುಕೊಳ್ಳೋಣ. ಬಕಲ್ ಸುತ್ತಿ ಮಡಚಲು 5, ಇಳಿಬಿಡಲು 20. ಒಟ್ಟು 115. ಕೊಯ್ಯುವಾಗ 120 ಕೊಯ್ಯಿರಿ. ಚರ್ಮ ಕತ್ತರಿಸಿ ಗಿಡ್ಡ ಮಾಡಬಹುದು, ಉದ್ದ ಮಾಡಲು ಆಗಲ್ಲ. ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನಯವಾದ ಮರದ ತುಂಡಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಬಣ್ಣ ಹಾಕುವುದಿದ್ದರೆ ಈಗಲೇ ಹಾಕಿ, 2 ದಿನ ಒಣಗಲು ಬಿಡಿ. ಬಿಲ್ಲೆ ಕೂರಿಸಿದ ಮೇಲೆ ಬಣ್ಣ ಹಚ್ಚುವುದು ದೊಡ್ಡ ತಲೆನೋವು.

ಜಾಗ ಗುರುತು ಮಾಡುವುದು

ಬಿಲ್ಲೆ ಇರುವ ಭಾಗ ಬಕಲ್ ಒಳಗೆ ಹೋಗುವುದಿಲ್ಲ. ಆದ್ದರಿಂದ ಸಿಕ್ಕಿಸುವ ಕಡೆ ಖಾಲಿ ಬಿಡಬೇಕು. ಮೇಲಿನ 90 ಸೆಂ.ಮೀ. ಸೊಂಟದ ಲೆಕ್ಕದಲ್ಲಿ, ಬಕಲ್‌ನಿಂದ 6 ಸೆಂ.ಮೀ. ಬಿಟ್ಟು ಶುರು ಮಾಡಿ 80ಕ್ಕೆ ನಿಲ್ಲಿಸಿ. ನಡುವಿನ 74 ಸೆಂ.ಮೀ. ನಿಮ್ಮದು.

ಅದರ ಮಧ್ಯಬಿಂದು 43 ಸೆಂ.ಮೀ.ಗೆ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಬೆನ್ನಿನ ನಡುವೆ. 12 ಬಿಲ್ಲೆ ಇದ್ದರೆ ಮಧ್ಯದಿಂದ ಆಚೆ 3, ಈಚೆ 3 ಸೆಂ.ಮೀ.ಗೆ ಮೊದಲ ಎರಡು ಬಿಲ್ಲೆ. ಅಲ್ಲಿಂದ ಪ್ರತಿ 6 ಸೆಂ.ಮೀ.ಗೆ ಒಂದು. ಎರಡೂ ಕಡೆ ಸಮವಾಗಿ 10ರಿಂದ 76 ಸೆಂ.ಮೀ.ವರೆಗೆ ಹರಡುತ್ತವೆ. 18 ಇದ್ದರೆ ಅಂತರ 4 ಸೆಂ.ಮೀ. ಮಾಡಿ. ಅದಕ್ಕಿಂತ ಜಾಸ್ತಿ ಬೇಕಾ? ನನ್ನ ಪ್ರಕಾರ ಬೇಡ. ಬಿರ್ಕಾದ ಎಷ್ಟೋ ಕಡೆ ಸಿಕ್ಕಿದ್ದೇ ಒಂದೋ ಎರಡೋ ಬಿಲ್ಲೆ. ನಾಲ್ಕೇ ಬಿಲ್ಲೆ ಕೊಂಡು ಮುಂಭಾಗದಲ್ಲಿ ಬಕಲ್‌ನ ಹತ್ತಿರ ಹಾಕಿದರೂ ಯಾರೂ ತಪ್ಪು ಹೇಳುವಂತಿಲ್ಲ.

ಗುರುತು ಮಾಡಲು ಪೆನ್ನು ಬಳಸಬೇಡಿ, ಕಲೆ ಉಳಿಯುತ್ತದೆ. ಹಿಂಬದಿಯ ಮೊಳೆಗಳಿಗೆ ಚೂರು ಸುಣ್ಣವೋ ಸೀಮೆಸುಣ್ಣವೋ ಹಚ್ಚಿ, ಪಟ್ಟಿಯ ಮೇಲೆ ಒತ್ತಿ. ಎರಡು ಚುಕ್ಕಿ ಬೀಳುತ್ತವೆ. ಕೈಯಲ್ಲಿ ಎರಕ ಹೊಯ್ದ ಬಿಲ್ಲೆಗಳಲ್ಲಿ ಮೊಳೆಗಳ ನಡುವಿನ ಅಂತರ ಒಂದರಂತೆ ಒಂದು ಇರಲ್ಲ. ಅದಕ್ಕೇ ಪ್ರತಿಯೊಂದಕ್ಕೂ ನಂಬರ್ ಹಾಕಿ, ಒಂದರ ತೂತಿಗೆ ಇನ್ನೊಂದನ್ನು ತುರುಕಬೇಡಿ.

ಜಡಿಯುವುದು

ಬೇಕಾದ್ದು ಇಷ್ಟೇ: 100–150 ಗ್ರಾಂನ ದುಂಡುತಲೆ ಸುತ್ತಿಗೆ, ತೂತು ಮಾಡುವ ಪಂಚ್, ತಂತಿ ಕತ್ತರಿಸುವ ಇಕ್ಕಳ, ಸಣ್ಣ ಅರ, ಅಡಿಗಲ್ಲು ಅಥವಾ ದಪ್ಪ ಉಕ್ಕಿನ ತುಂಡು, ಮತ್ತೆ ವಾಷರ್. ಹಳೆಯದರಂತೆ ಕಾಣಬೇಕಾದರೆ ತೆಳು ಹಿತ್ತಾಳೆ ತಗಡಿನಿಂದ 5–6 ಮಿ.ಮೀ. ಚೌಕಗಳನ್ನು ಕತ್ತರಿಸಿ ನಡುವೆ ತೂತು ಕೊರೆಯಿರಿ. ಹಿಂಬದಿ ಯಾರು ನೋಡ್ತಾರೆ ಅನ್ನಬೇಡಿ. ಈ ಹವ್ಯಾಸದಲ್ಲಿ ನೋಡುವವರು ಇದ್ದೇ ಇರುತ್ತಾರೆ, ತಿರುಗಿಸಿಯೇ ನೋಡುತ್ತಾರೆ.

1. ಒಂದು ಬಿಲ್ಲೆಯನ್ನು ಬೇಡದ ಚರ್ಮದ ಚೂರಿನ ಮೇಲೆ ಮೊದಲು ಪ್ರಯೋಗಿಸಿ. ಮೊಳೆ ಬಿರುಕು ಬಿಟ್ಟರೆ ಲೋಹ ಗಡುಸಾಗಿದೆ ಎಂದರ್ಥ. ಹರಳು, ಲೇಪ, ಬೆಸುಗೆ ಯಾವುದೂ ಇಲ್ಲದ ಕಂಚು-ಹಿತ್ತಾಳೆ ಆದರೆ ಗ್ಯಾಸ್ ಟಾರ್ಚ್‌ನಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ಆರಲು ಬಿಡಿ, ಮೆದುವಾಗುತ್ತದೆ. ಹಿತ್ತಾಳೆಯನ್ನು ಜಾಸ್ತಿ ಕಾಯಿಸಿದರೆ ಸತುವಿನ ಹೊಗೆ ಬರುತ್ತದೆ, ಅದು ಜ್ವರ ತರಿಸುತ್ತದೆ. ಬಯಲಲ್ಲೇ ಮಾಡಿ.

2. ಮೊಳೆಯಷ್ಟೇ ಅಗಲದ ತೂತು ಮಾಡಿ. ಸಡಿಲವಾದರೆ ಬಿಲ್ಲೆ ಆಡುತ್ತದೆ.

3. ಬಿಲ್ಲೆ ತೂರಿಸಿ, ಮುಖ ಕೆಳಗೆ ಮಾಡಿ ಇಡಿ. ಕೆಳಗೆ ದಪ್ಪ ಚರ್ಮ ಅಥವಾ ಬಿಲ್ಲೆಯ ಆಕಾರಕ್ಕೆ ತಗ್ಗು ಮಾಡಿದ ಗಟ್ಟಿ ಮರ ಇರಲಿ. ಬರಿ ಉಕ್ಕಿನ ಮೇಲೆ ಇಟ್ಟು ಬಡಿದರೆ ಬಳ್ಳಿ, ಎಲೆ ಎಲ್ಲ ಚಪ್ಪಟೆ. ಉಬ್ಬು ಜಾಸ್ತಿ ಇದ್ದರೆ ಅಕ್ಕಸಾಲಿಗರು ಬಳಸುವ ಅರಗು ಒಳ್ಳೆಯದು.

4. ವಾಷರ್ ಹಾಕಿ ಚರ್ಮಕ್ಕೆ ಒತ್ತಿ. ಮೇಲೆ ಉಳಿದ ಮೊಳೆಯನ್ನು ಕತ್ತರಿಸಿ, 1.5ರಿಂದ 2 ಮಿ.ಮೀ. ಮಾತ್ರ ಬಿಡಿ. ಇಲ್ಲಿ ಆತುರ ಬೇಡ. ಉದ್ದ ಬಿಟ್ಟರೆ ಮೊಳೆ ಬಾಗುತ್ತದೆ, ಗಿಡ್ಡ ಮಾಡಿದರೆ ಹಿಡಿತ ಸಿಗಲ್ಲ. ತುದಿಯನ್ನು ಅರದಿಂದ ಮಟ್ಟ ಮಾಡಿ.

5. ಸುತ್ತಿಗೆಯ ದುಂಡು ಭಾಗದಿಂದ ಮೆಲ್ಲಗೆ, ಅಂಚಿನ ಸುತ್ತ ತಟ್ಟುತ್ತ ಬನ್ನಿ. ಮೊಳೆ ತಲೆ ಅಣಬೆಯಂತೆ ಹರಡಬೇಕು. ನಾಲ್ಕು ಜೋರು ಏಟಿಗಿಂತ ಇಪ್ಪತ್ತು ಸಣ್ಣ ಏಟು ಮೇಲು. ಬೆರಳಲ್ಲಿ ತಿರುಗಿಸಿದಾಗ ಬಿಲ್ಲೆ ಅಲ್ಲಾಡದಿದ್ದರೆ ನಿಲ್ಲಿಸಿ.

ಬಕಲ್‌ಗೂ ಇದೇ ಕ್ರಮ. ಮಡಚುವ 5 ಸೆಂ.ಮೀ. ಭಾಗವನ್ನು ಒಳಗಿನಿಂದ ಕೆರೆದು ತೆಳ್ಳಗೆ ಮಾಡಿ, ಬಕಲ್‌ನ ಕಡ್ಡಿ ಆಡಲು ನಡುವೆ ಉದ್ದನೆಯ ಸೀಳು ಕೊಡಿ.

ತುದಿಪಟ್ಟಿಯಲ್ಲಿ ಎರಡು ಬಗೆ. ಹಿಂದೆ ಮೊಳೆ ಇರುವುದನ್ನು ಬಿಲ್ಲೆಯಂತೆಯೇ ಜಡಿಯಿರಿ. ಎರಡು ತಗಡಿನ ನಡುವೆ ಚರ್ಮ ತೂರಿಸುವಂಥದ್ದಾದರೆ ಚರ್ಮದ ತುದಿಯನ್ನು ಅರ್ಧ ದಪ್ಪಕ್ಕೆ ಇಳಿಸಿ. ಮೂರೂ ಪದರ ಸೇರಿಸಿ ಹಿಡಿದು ಒಟ್ಟಿಗೆ ತೂತು ಕೊರೆದು ಹಿತ್ತಾಳೆ ತಂತಿಯ ಮೊಳೆ ಹಾಕಿ. ಇಂಗ್ಲೆಂಡಿನ 9ನೇ ಶತಮಾನದವು ಎರಡನೇ ಬಗೆಯವು. ಅವು ಚಿಕ್ಕವು, ಎಲ್ಲವೂ ಬೆಲ್ಟ್‌ನದ್ದೇ ಅಂತಲೂ ಹೇಳುವಂತಿಲ್ಲ. ನೇಯ್ದ ಬಟ್ಟೆ ಪಟ್ಟಿಯ ತುದಿಗೂ ಹೊಂದುತ್ತವೆ.

ಕೊನೆಗೆ ಕಡ್ಡಿ ಸಿಕ್ಕಿಸಲು 5 ತೂತು, 2.5 ಸೆಂ.ಮೀ.ಗೆ ಒಂದರಂತೆ, ನಡುವಿನದು ಸರಿಯಾಗಿ 90ಕ್ಕೆ. ಸೆಕೆಯಲ್ಲಿ ಮೇಲಂಗಿ ಬಿಚ್ಚಿದಾಗ ಬಿಗಿ ಮಾಡಿಕೊಳ್ಳಬಹುದು. ವಾಷರ್‌ಗಳು ಅಂಗಿಯನ್ನು ತರಚುತ್ತಿದ್ದರೆ ಹಿಂಬದಿಗೆ 1 ಮಿ.ಮೀ. ತೆಳು ಆಡಿನ ಚರ್ಮವನ್ನು ನಾರಿನ ದಾರದಲ್ಲಿ ಹೊಲಿಯಿರಿ.

ಹಸಿರು ಬಣ್ಣದ ಹುಚ್ಚು

ಹೊಸ ಬಿಲ್ಲೆಗೆ ವಿನಿಗರ್, ಉಪ್ಪು ಹಚ್ಚಿ ಹಸಿರು ಮಾಡುವವರಿದ್ದಾರೆ. ಮ್ಯೂಸಿಯಂನಲ್ಲಿ ಹಾಗೇ ಇದೆಯಲ್ಲ ಎನ್ನುತ್ತಾರೆ. ಸಾವಿರ ವರ್ಷ ಮಣ್ಣಲ್ಲಿದ್ದರೆ ಯಾವ ಕಂಚೂ ಹಸಿರಾಗುತ್ತದೆ. ಬದುಕಿದ್ದವನ ಸೊಂಟದಲ್ಲಿ ಅದು ಚಿನ್ನದಂತೆ ಹೊಳೆಯುತ್ತಿತ್ತು. ಅಷ್ಟು ದೂರದಿಂದ ತರಿಸಿ ಹಾಕಿಕೊಂಡಿದ್ದೇ ಹೊಳೆಯಲಿ ಅಂತ. ಅಂಗಡಿಯ ‘ಆ್ಯಂಟಿಕ್ ಫಿನಿಶ್’ ಬದಲು ಹೊಳಪಿನದ್ದೇ ಕೊಳ್ಳಿ.

ತಗ್ಗುಗಳಲ್ಲಿ ಸ್ವಲ್ಪ ಕಪ್ಪು ಇದ್ದರೆ ವಿನ್ಯಾಸ ಎದ್ದು ಕಾಣುತ್ತದೆ, ಅಷ್ಟು ಸರಿ. ಬೆಳ್ಳಿಯ ಬಿಲ್ಲೆಯಾದರೆ ಬಿಸಿ ಬೇಯಿಸಿದ ಮೊಟ್ಟೆಯನ್ನು ಒಡೆದು ಮುಚ್ಚಿದ ಡಬ್ಬದಲ್ಲಿ ಜೊತೆಗೆ ಇಡಿ. ಅದರ ಗಂಧಕ ಕಪ್ಪು ಹಿಡಿಸುತ್ತದೆ. ಉಬ್ಬಿದ ಭಾಗವನ್ನು ಬಟ್ಟೆಯಲ್ಲಿ ಉಜ್ಜಿ ಬೆಳಗಿ. ಪಾದರಸ ಬಳಸಿ ಚಿನ್ನದ ಮುಲಾಮು ಹಾಕುವ ವಿಧಾನ ಆ ಕಾಲದ್ದೇ ನಿಜ, ಆದರೆ ಅದರ ಹಬೆ ವಿಷ. ಮನೆಯಲ್ಲಿ ಯೋಚನೆಯನ್ನೂ ಮಾಡಬೇಡಿ.

ಹಿತ್ತಾಳೆ ಬೆಳಗಲು ಹುಣಸೆಹಣ್ಣು ಸಾಕು, ಜಡಿಯುವ ಮೊದಲು ಮಾತ್ರ. ಪಟ್ಟಿಯ ಮೇಲೆ ಕೂರಿಸಿದ ಮೇಲೆ ಹುಣಸೆ ನೀರು ಚರ್ಮಕ್ಕೆ ಇಳಿದು ಕಪ್ಪು ಕಲೆ ಮಾಡುತ್ತದೆ. ಆಮೇಲೆ ಒಣಬಟ್ಟೆಯಷ್ಟೇ. ಬೆಳ್ಳಿ ಅಥವಾ ಚಿನ್ನದ ಲೇಪ ಇದ್ದರೆ ಹುಣಸೆ ಮುಟ್ಟಿಸಲೇಬೇಡಿ. ತೊಗಟೆ ಚರ್ಮದಲ್ಲಿ ಹುಳಿಯ ಅಂಶ ಇರುವುದರಿಂದ ಬಿಲ್ಲೆಯ ಅಂಚಿನಲ್ಲಿ ಹಸಿರು ಜಿಡ್ಡು ಕಟ್ಟುತ್ತದೆ. ಜಡಿಯುವ ಮೊದಲೇ ಬಿಲ್ಲೆಯ ಹಿಂಬದಿಗೆ ಜೇನುಮೇಣ ತೆಳ್ಳಗೆ ಸವರಿದರೆ ಕಡಿಮೆಯಾಗುತ್ತದೆ.

ತೊಟ್ಟ ಮೇಲೆ

ಕತ್ತಿಯ ಭಾರವನ್ನು ಈ ಬೆಲ್ಟ್‌ಗೆ ಹಾಕಬೇಡಿ, ಅದಕ್ಕೆ ಬೇರೆ ಪಟ್ಟಿ ಇರಲಿ. ಚಿಕ್ಕ ಚಾಕು, ಚೀಲ ಪರವಾಗಿಲ್ಲ. ಕೆಳಗೆ ಸೀಳು ಇರುವ ಬಿಲ್ಲೆಗಳು ಬರುತ್ತವೆ. ಅವು ಇರುವುದೇ ಕಿರುಪಟ್ಟಿ ತೂಗುಬಿಡಲು. ಸುಮ್ನೆ ಅಲಂಕಾರ ಅಂತ ಉಲ್ಟಾ ಜಡಿದವರನ್ನೂ ಕಾಣಬಹುದು. ಕಾದಾಟದ ಮೈದಾನಕ್ಕಂತೂ ಬಿಲ್ಲೆಯ ಬೆಲ್ಟ್ ಬೇಡ. ಏಟಿಗೆ ಬಿಲ್ಲೆ ಬಾಗುತ್ತದೆ, ಬಿದ್ದರೆ ಹುಲ್ಲಲ್ಲಿ ಸಿಗಲ್ಲ.

ಮಳೆಯಲ್ಲಿ ನೆನೆದರೆ ಬೆಂಕಿಯ ಹತ್ತಿರ ಒಣಗಿಸಬೇಡಿ, ಚರ್ಮ ಕುಗ್ಗಿ ಮೊಳೆಗಳ ಸುತ್ತ ಹರಿಯುತ್ತದೆ. ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಿ, ಆಮೇಲೆ ಮೇಣ ಹಚ್ಚಿ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಒಂದೆರಡು ಸಲ ತೊಟ್ಟ ಮೇಲೆ ಚರ್ಮ ಒತ್ತಿಕೊಂಡು ಕೆಲವು ಬಿಲ್ಲೆ ಸಡಿಲವಾಗುವುದು ಮಾಮೂಲು. ಮುಖ ಕೆಳಗೆ ಮಾಡಿ ಇನ್ನೆರಡು ಏಟು ಕೊಡಿ. ಆರ್ಡರ್ ಮಾಡುವಾಗಲೇ 2 ಬಿಲ್ಲೆ ಹೆಚ್ಚಿಗೆ ತರಿಸಿಟ್ಟುಕೊಂಡಿರಿ. ಮುಂದಿನ ವರ್ಷ ಅದೇ ಅಚ್ಚು ಅಂಗಡಿಯಲ್ಲಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ.